ನಾವು ಸುಮ್ಮನಿದ್ದರೂ ಮಗಳು ನಮ್ಮ ಕೆಲಸವನ್ನೇ ಹಿಡಿಯುತ್ತೇನೆ ಅನ್ನುತ್ತಾಳೆ, ಏನು ಮಾಡಲಿ?

ಪ್ರಶ್ನೆ:
ಮಗಳಿಗೆ 16 ವರ್ಷ. ಮುಂದೇನು ಓದುತ್ತೀಯಾ ಅಂದರೆ "ನೀವೇ ಹೇಳಿ" ಅನ್ನುತ್ತಾಳೆ. ಜಾಸ್ತಿ ಕೇಳಿದರೆ ಅಕೌಂಟೆನ್ಸಿ ಅನ್ನುತ್ತಾಳೆ. ನಾನು, ನನ್ನ ಗಂಡ ಇಬ್ಬರೂ ಅದೇ ಕೆಲಸದವರು, ಆದರೆ ಇದನ್ನೇ ಮಾಡು ಅಂತ ಅವಳಿಗೆ ಯಾವತ್ತೂ ಹೇಳಿಲ್ಲ. ಬಿಡುವು ಸಿಕ್ಕರೆ ಅವಳು ಕೂರುವುದು ಕೆಟ್ಟ ರೇಡಿಯೋ ಬಿಚ್ಚಿಕೊಂಡು. ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ಕಾಗದದ ಮೇಲೆ ಜೋಡಿಸಿ, ಪಕ್ಕದಲ್ಲಿ ನಂಬರ್ ಬರೆದಿರುತ್ತಾಳೆ. ಈಗ ನಾವು ಬಾಯಿ ಬಿಡಬೇಕಾ, ಬೇಡವಾ?

ಉತ್ತರ 1:
ನೀವು ಹೇಳದಿದ್ದರೇನು, ಅವಳು ಹತ್ತಿರದಿಂದ ನೋಡಿರುವುದು ಅದೊಂದೇ ಕೆಲಸ ಅಲ್ವಾ? ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು, ಹೊಸದನ್ನು ಕಂಡುಹಿಡಿದು ಪೇಟೆಂಟ್ (ಅದರ ಮೇಲಿನ ಕಾನೂನು ಹಕ್ಕು) ಪಡೆದ ಹತ್ತು ಲಕ್ಷಕ್ಕೂ ಹೆಚ್ಚು ಸಂಶೋಧಕರ ಹಿನ್ನೆಲೆ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಅಪ್ಪ-ಅಮ್ಮ ಯಾವ ತಂತ್ರಜ್ಞಾನದಲ್ಲಿ ಪೇಟೆಂಟ್ ಪಡೆದಿದ್ದರೋ ಮಕ್ಕಳೂ ಅದರಲ್ಲೇ ಪಡೆಯುವ ಸಾಧ್ಯತೆ ಜಾಸ್ತಿ ಅಂತ ಕಂಡಿತು. ಇನ್ನೊಂದು ವಿಷಯ ನಿಮಗೆ ಬೇಕಾದದ್ದು: ಸುತ್ತಮುತ್ತ ಒಂದು ಕ್ಷೇತ್ರದಲ್ಲಿ ಮಹಿಳಾ ಸಂಶೋಧಕರು ಹೆಚ್ಚಿದ್ದರೆ, ಅಲ್ಲಿ ಬೆಳೆದ ಹೆಣ್ಣುಮಕ್ಕಳು ಆ ಕ್ಷೇತ್ರಕ್ಕೆ ಹೋಗುವುದೂ ಹೆಚ್ಚು. ಹಾಗಾಗಿ ಉಪದೇಶ ಬೇಡ. ಎಲೆಕ್ಟ್ರಾನಿಕ್ಸ್ ಕೆಲಸ ಮಾಡುವ ಒಬ್ಬ ಹೆಂಗಸಿನ ಜೊತೆ ಒಂದು ದಿನ ಕಳೆಯಲು ಬಿಡಿ.

ಉತ್ತರ 2:
ಒಪ್ಪುತ್ತೇನೆ, ಆದರೆ ಸುಮ್ಮನಿದ್ದೆವು ಅನ್ನುವುದನ್ನು ನಾನು ಪೂರ್ತಿ ನಂಬುವುದಿಲ್ಲ. ಊಟಕ್ಕೆ ಕೂತಾಗ "ಅಷ್ಟು ಓದಿ ಕೊನೆಗೆ ರಿಪೇರಿ ಅಂಗಡಿ ಇಟ್ಟನಂತೆ" ಅಂತ ಯಾರ ಬಗ್ಗೆಯೋ ಆಡಿದ ಮಾತು ಮಕ್ಕಳ ಕಿವಿಗೆ ಬಿದ್ದೇ ಬೀಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಗಾಟ್‌ಫ್ರೆಡ್‌ಸನ್ 1981ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಮಕ್ಕಳು 6ರಿಂದ 8ನೇ ವಯಸ್ಸಿನಲ್ಲೇ ಇದು ಗಂಡಸರ ಕೆಲಸ, ಇದು ಹೆಂಗಸರದು ಅಂತ ಬೇರೆ ಮಾಡಿಬಿಡುತ್ತಾರೆ. 9ರಿಂದ 13ರ ಹೊತ್ತಿಗೆ ಮರ್ಯಾದೆ ಇಲ್ಲದ್ದು ಅನ್ನಿಸಿದ ಕೆಲಸಗಳನ್ನೂ ತಲೆಯಿಂದ ತೆಗೆದು ಹಾಕಿರುತ್ತಾರೆ. ನಿಮ್ಮ ಮಗಳು ಏನನ್ನು ಬೇಡ ಅಂದುಕೊಂಡಿದ್ದಾಳೆ, ಯಾಕೆ ಅಂತ ಕೇಳಿ. "ಏನಾಗುತ್ತೀಯಾ" ಅನ್ನುವುದಕ್ಕಿಂತ ಅದಕ್ಕೆ ಬೇಗ ಉತ್ತರ ಸಿಗುತ್ತದೆ.

ಉತ್ತರ 3:
ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಓದಿಗೆ ಮನೆಯಿಂದ ಎಷ್ಟು ಕೊಡಬಹುದು, ಸಾಲ ಮಾಡಬೇಕಾ, ಒಂದು ವರ್ಷ ಹಾಳಾದರೆ ಪರವಾಗಿಲ್ಲವಾ, ಎಲ್ಲ ಬಿಡಿಸಿ ಹೇಳಿ. ಗೊತ್ತಿಲ್ಲದಿದ್ದರೆ ಮಕ್ಕಳು ತಾವೇ ಲೆಕ್ಕ ಹಾಕಿ, ಅಪ್ಪ-ಅಮ್ಮನಿಗೆ ಭಾರ ಆಗದ ದಾರಿ ಹಿಡಿಯುತ್ತಾರೆ. ಹಾಗಂತ ರೇಡಿಯೋ ಬಿಚ್ಚುತ್ತಾಳೆ ಅಂತ ಈಗಲೇ ಎಂಜಿನಿಯರ್ ಮಾಡಲು ಹೊರಡಬೇಡಿ, ಅದೂ ನಿಮ್ಮದೇ ಆಯ್ಕೆ ಆಗುತ್ತದೆ. ಎಲ್ಲ ನೋಡಿದ ಮೇಲೂ ಅಕೌಂಟೆನ್ಸಿಯೇ ಬೇಕು ಅಂದರೆ ಖುಷಿಯಿಂದ ಒಪ್ಪಿಕೊಳ್ಳಿ.

ಪ್ರಶ್ನೆ ಕೇಳಿದವರು:
ದುಡ್ಡಿನ ವಿಷಯ ಅವಳ ಮುಂದೆ ನಾವು ಮಾತಾಡುವುದೇ ಇಲ್ಲ, ಇವತ್ತೇ ಶುರು ಮಾಡುತ್ತೇನೆ. ಪರಿಚಯದವರೊಬ್ಬರು ಸರ್ಕ್ಯೂಟ್ ಬೋರ್ಡ್ ಟೆಸ್ಟಿಂಗ್ ಮಾಡುತ್ತಾರೆ, ಅವರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಏನೇನು ಕೇಳಬೇಕು ಅಂತ ಬರೆದು ಕೊಡಲಾ?

ಉತ್ತರ 1:
ಬೇಡ. ಬಿಟ್ಟು ಬನ್ನಿ, ನೀವು ಕೂರಲೂ ಬೇಡಿ. ನೀವಿದ್ದರೆ ಅವಳು ನಿಮ್ಮ ಮುಖ ನೋಡಿ ಮಾತಾಡುತ್ತಾಳೆ.