ಶುಗರ್ ಇರುವ ಅವ್ವನ ಕಿವಿ ಮಂದ ಆಗಿದೆ, ಸಹಾಯ ಬೇಕು

ನಾವು ಗದಗದವರು. ಅವ್ವಗೆ 58 ವರ್ಷ, ಶುಗರ್ ಬಂದು 12 ವರ್ಷ ಆಯ್ತು. ಆರು ತಿಂಗಳಿಂದ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ. ಟ್ರ್ಯಾಕ್ಟರ್ ಸದ್ದು ಕೇಳುತ್ತದೆ, ಅಪ್ಪ ಕರೆದರೂ ಕೇಳುತ್ತದೆ. ಆದರೆ ನನ್ನ ಮಗಳು ಪಕ್ಕದಲ್ಲೇ ಕೂತು "ಆಯಿ, ರೊಟ್ಟಿ ಕೊಡು" ಅಂದರೆ ಸುಮ್ನೆ ಅವಳ ಬಾಯಿ ನೋಡುತ್ತಾಳೆ. ಅದನ್ನು ನೋಡಿದಾಗ ಕರುಳು ಕಿತ್ತು ಬಂದ ಹಾಗಾಗುತ್ತದೆ.

ಮೊದಲು ಗುಗ್ಗೆ ಇರಬಹುದು ಅಂತ ಡ್ರಾಪ್ಸ್ ಹಾಕಿಸಿ ಕಿವಿ ಕ್ಲೀನ್ ಮಾಡಿಸಿದೆವು. ಏನೂ ಬದಲಾಗಲಿಲ್ಲ. ಆಮೇಲೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಕಿವಿ ಟೆಸ್ಟ್ ಮಾಡಿಸಿದೆವು. ಎರಡೂ ಕಿವಿಯಲ್ಲಿ ಸಣ್ಣ, ಚೂಪು ದನಿಗಳೇ ಜಾಸ್ತಿ ಕೇಳಿಸುತ್ತಿಲ್ಲವಂತೆ. ಮೂರು ತಿಂಗಳ ಶುಗರ್ ಸರಾಸರಿ, ಅಂದರೆ ಎಚ್‌ಬಿಎ1ಸಿ, 9.2 ಬಂದಿದೆ.

ಕಿವಿ ಡಾಕ್ಟರು "ವಯಸ್ಸಾಯ್ತಲ್ವಾ" ಅಂದರು. ಶುಗರ್ ಡಾಕ್ಟರು ಮಾತ್ರ, ಶುಗರ್ ಜಾಸ್ತಿ ಇದ್ದರೆ ಕಣ್ಣು, ಕಿಡ್ನಿಯ ಹಾಗೆ ಒಳಕಿವಿಯ ಸಣ್ಣ ರಕ್ತನಾಳ, ನರಗಳಿಗೂ ಪೆಟ್ಟು ಬೀಳುತ್ತದೆ ಅಂದರು. ಮಾತ್ರೆ ಬದಲಾಯಿಸಿದ್ದಾರೆ. ಅನ್ನ ಕಡಿಮೆ ಮಾಡಿ ಜೋಳದ ರೊಟ್ಟಿ ಕೊಡುತ್ತಿದ್ದೇವೆ, ಅದನ್ನೂ ಲೆಕ್ಕ ಇಟ್ಟು.

ನನ್ನ ಗೊಂದಲ ಇಷ್ಟೇ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿ, ಶುಗರ್ ಹತೋಟಿಗೆ ಬಂದ ಮೇಲೆ ಕಿವಿ ಸುಧಾರಿಸಿತಾ? ಅಥವಾ ಕಾಯದೆ ಈಗಲೇ ಕಿವಿ ಮಷಿನ್ ಹಾಕಿಸಬೇಕಾ?