ತಮ್ಮನ ಮೊಬೈಲ್‌ನಲ್ಲಿ ಆ ಚಾಟ್ ನೋಡಿದೆ, ಈಗ ಏನು ಮಾಡಲಿ?

ಪ್ರಶ್ನೆ (ಹೆಸರು ಬೇಡ, ಹಾವೇರಿ ಕಡೆ): ಡಾಕ್ಟ್ರೇ, ತಮ್ಮನಿಗೆ ಇಪ್ಪತ್ತು ವರ್ಷ. ಪರೀಕ್ಷೆ ಫೇಲಾದಾಗಿನಿಂದ ಮಾತೇ ಕಮ್ಮಿ. ನಿನ್ನೆ ಅವನ ಮೊಬೈಲ್‌ನಲ್ಲಿ ಒಂದು ಚಾಟ್ ಕಣ್ಣಿಗೆ ಬಿತ್ತು. ವಿಷದ ಬಗ್ಗೆ ಕೇಳಿದಾನೆ, ಗುರುತು ಪರಿಚಯ ಇಲ್ಲದ ಯಾರೋ ಉತ್ತರ ಬರೆದಿದಾರೆ. ಹತ್ತಿಗೆ ಹೊಡೆಯೋಕೆ ತಂದ ಎಣ್ಣಿ ಡಬ್ಬಿ ಪಡಸಾಲೆಯಲ್ಲೇ ಇದೆ. ಅಪ್ಪಗೆ ಹೇಳಿದರೆ ಬಡಿತಾರೆ. ನಾನೇ ಕೇಳಿದರೆ ಇಲ್ಲದ್ದನ್ನ ತಲೆಗೆ ತುಂಬಿದಂಗೆ ಆಗಲ್ವಾ?

ಉತ್ತರ (ಮನೋವೈದ್ಯರು): ಆಗಲ್ಲಮ್ಮ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಒಬ್ಬರು ಸಿಕ್ಕಂತಾಗುತ್ತದೆ. "ಅಪ್ಪ ಅವ್ವನ ನೆನಪು ಬರಲಿಲ್ವಾ" ಅನ್ನಬೇಡಿ. ಬುದ್ಧಿ ಹೇಳದೆ ಕೇಳಿಸಿಕೊಳ್ಳಿ.

ಅದಕ್ಕೂ ಮೊದಲು ಆ ಡಬ್ಬಿ ಮನೆಯಿಂದ ಹೊರಗೆ ಹೋಗಲಿ. ನಾವು ನೋಡುವ ಎಷ್ಟೋ ಹುಡುಗರು ತಿಂಗಳುಗಟ್ಟಲೆ ಯೋಚಿಸಿದವರಲ್ಲ, ಜಗಳದ ಬಿಸಿಯಲ್ಲಿ ಕೈಗೆ ಸಿಕ್ಕಿದ್ದನ್ನು ಕುಡಿದವರು. ಆ ಗಳಿಗೆ ದಾಟಿಸಿದರೆ ಬಹಳ ಜನ ಬದುಕುತ್ತಾರೆ. ಶ್ರೀಲಂಕಾ ಸರ್ಕಾರ ಅಪಾಯಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂತು. 1995ರಿಂದ 2015ರ ಹೊತ್ತಿಗೆ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು.

ಇನ್ನು ಆ ಚಾಟ್. ಇಂಥ ಕಡೆ ವಿಷ ಅಂದರೆ ಸುಲಭ, ನೋವಿಲ್ಲ ಅಂತ ಬರೆಯುತ್ತಾರೆ. ಶುದ್ಧ ಸುಳ್ಳು. ವಾರ್ಡಿನಲ್ಲಿ ನಾನು ಕಾಣುವುದು "ಹೆಂಗಾದ್ರೂ ಉಳಿಸಿ ಸರ್" ಅಂತ ಕೈ ಹಿಡಿದುಕೊಳ್ಳುವ ಹುಡುಗರನ್ನು, ಐಸಿಯು ಬಾಗಿಲ ಹೊರಗೆ ನೆಲದ ಮೇಲೆ ಕೂತ ಅವ್ವಂದಿರನ್ನು. ಬದುಕೋಣವೋ ಬೇಡವೋ ಅಂತ ಹೊಯ್ದಾಡುತ್ತಿರುವವನನ್ನು ಅಂಥ ಒಂದು ಉತ್ತರ ಆ ಕಡೆಗೇ ತಳ್ಳಿಬಿಡುತ್ತದೆ. ಮೊಬೈಲ್ ಕಿತ್ತುಕೊಳ್ಳಬೇಡಿ, ಜೊತೆಗೆ ಕೂತು ರಿಪೋರ್ಟ್ ಮಾಡಿ ಬ್ಲಾಕ್ ಮಾಡಿಸಿ.

ಗ್ರೂಪಿನ ಸದಸ್ಯರೊಬ್ಬರು: ಸರ್, ನಮ್ಮನೇಲೂ ನಾಲ್ಕೈದು ಥರದ್ದಿವೆ. ಯಾವುದು ಜಾಸ್ತಿ ಡೇಂಜರ್ ಹೇಳಿ, ಅದನ್ನ ಮೊದಲು ಎತ್ತಿಡ್ತೀವಿ.

ಉತ್ತರ: ಹೆಸರು ಇಲ್ಲಿ ಬರೆಯುವುದಿಲ್ಲ. ಎತ್ತಿಡಲೆಂದು ನೀವು ಓದುವ ಸಾಲನ್ನೇ ಇನ್ನೊಬ್ಬರು ಬೇರೆ ಕಾರಣಕ್ಕೆ ಓದಬಹುದು. ಎಲ್ಲವನ್ನೂ ಬೀಗ ಹಾಕಿಡಿ, ಮನೆಯಲ್ಲಿರುವ ಮಾತ್ರೆಗಳನ್ನೂ. ಕೆಳಗೆ ಒಬ್ಬರು ಹೆಸರು ಹಾಕಿದ್ದರು, ಅಡ್ಮಿನ್ ತಕ್ಷಣ ತೆಗೆದದ್ದು ಒಳ್ಳೆಯದಾಯಿತು.

ಯಾರಾದರೂ ಕುಡಿದದ್ದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಗ್ರೂಪಿನಲ್ಲಿ ಮದ್ದು ಕೇಳುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಆರಾಮಾಗೇ ಇದ್ದಾನಲ್ಲ ಅಂತ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಇನ್ನೊಬ್ಬರು: ಪೊಲೀಸ್ ಕೇಸ್ ಆಗುತ್ತೆ ಅಂತ ನಮ್ಮೂರಲ್ಲಿ ಆಸ್ಪತ್ರೆಗೇ ಒಯ್ಯಲ್ಲ.

ಉತ್ತರ: ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ದಾಖಲೆ) ಬರೆಯುತ್ತಾರೆ, ಅದಕ್ಕೆ ಹೆದರಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡಬೇಕು. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ.

ಪ್ರಶ್ನೆ ಕೇಳಿದವರು: ಕೇಳಿದೆ ಸರ್. ಹೌದು ಅಂದ, ಬಹಳ ಹೊತ್ತು ಅತ್ತ. ಡಬ್ಬಿ ಕಾಕಾನ ಮನೆಗೆ ಕಳಿಸಿದೀನಿ.

ಉತ್ತರ: ಇವತ್ತು ರಾತ್ರಿ ಅವನನ್ನು ಒಬ್ಬನೇ ಬಿಡಬೇಡಿ. 14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅವನೂ ಮಾತಾಡಬಹುದು, ನೀವೂ. ನಾಳೆ ಬೆಳಿಗ್ಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ನಿಮ್ಮ ಅಪ್ಪನ ನಂಬರ್ ನನಗೆ ಇನ್‌ಬಾಕ್ಸ್ ಮಾಡಿ, ಅವರ ಹತ್ತಿರ ನಾನು ಮಾತಾಡ್ತೇನೆ.