ರಜೆಯಲ್ಲಿ ಮಕ್ಕಳನ್ನು ಮ್ಯೂಸಿಯಂಗೆ ಕರೆದು ಏನು ಮಾಡಿಸಬೇಕು?

ಮದ್ದೂರು ಮೇಷ್ಟ್ರು
ಏಪ್ರಿಲ್ 18 ವಿಶ್ವ ಪರಂಪರೆ ದಿನ. ಮೇ 18 ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಎರಡೂ ನಮ್ಮ ಮಕ್ಕಳ ಬೇಸಿಗೆ ರಜೆಯಲ್ಲೇ ಬರುತ್ತವೆ. ಹೋದ ವರ್ಷ ಮಗಳನ್ನು ಒಂದು ಮ್ಯೂಸಿಯಂನ ಶಿಬಿರಕ್ಕೆ ಕಳಿಸಿದ್ದೆ. ಐದು ದಿನ ಕಾಗದದ ಹೂವು, ಮುಖಕ್ಕೆ ಬಣ್ಣ, ಸಿನಿಮಾ ಹಾಡಿಗೆ ಕುಣಿತ. ಕೊನೇ ದಿನ ಸರ್ಟಿಫಿಕೇಟ್. ಒಳಗೆ ಏನೇನಿತ್ತು ಅಂತ ಕೇಳಿದೆ. "ಅಪ್ಪ, ಒಳಗೆ ಕರ್ಕೊಂಡು ಹೋಗ್ಲೇ ಇಲ್ಲ" ಅಂದಳು. ತುಂಬಾ ಬೇಜಾರಾಯಿತು.

ಹೂವು ಮಾಡೋದನ್ನು ಎಲ್ಲಿ ಬೇಕಾದರೂ ಕಲಿಯಬಹುದು. ಮ್ಯೂಸಿಯಂನಲ್ಲಿ ಮಾಡಿಸುವುದು ಅಲ್ಲಿರುವ ವಸ್ತುವಿನಿಂದಲೇ ಹುಟ್ಟಬೇಕು ಅನ್ನೋದು ನನ್ನ ವಾದ.

ನಮ್ಮ ಕಡೆಯ ಆತಕೂರು ಶಾಸನವನ್ನೇ ತಗೊಳ್ಳಿ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರನ್ನು ಸೋಲಿಸಿದ. ಅವನ ಜೊತೆಗಿದ್ದವನು ಗಂಗರ ಬೂತುಗ. ಬೂತುಗನ ಕಡೆಯ ವೀರ ಮಣಲೇರ. ಮೆಚ್ಚಿದ ದೊರೆ ಏನು ಬೇಕೋ ಕೇಳು ಅಂದಾಗ ಮಣಲೇರ ಚಿನ್ನ ಕೇಳಲಿಲ್ಲ, ಕಾಳಿ ಅನ್ನೋ ಬೇಟೆನಾಯಿಯನ್ನು ಕೇಳಿದ! ಆಮೇಲೆ ಆ ನಾಯಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ನಾಯಿ, ಹಂದಿ ಕಾದಾಡುವ ಚಿತ್ರ ಕಲ್ಲಿನ ಮೇಲೇ ಇದೆ. ಹತ್ತು ವರ್ಷದ ಮಗುವಿಗೆ ಇದಕ್ಕಿಂತ ಇನ್ನೇನು ಬೇಕು?

ಜಯನಗರದ ಅಮ್ಮ
ಮೇಷ್ಟ್ರೇ, ಕಥೆ ಓದಿ ನನಗೇ ರೋಮಾಂಚನ ಆಯಿತು. ಆದರೆ ಈ ಕಥೆ ಹೇಳೋರು ಬೇಕಲ್ವಾ? ಮೂರು ಸಲ ಮಗನನ್ನು ಬೇರೆ ಬೇರೆ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೇನೆ. ಕಲ್ಲಿನ ಕೆಳಗೆ ಬರೆದಿರೋದು "ವೀರಗಲ್ಲು, 10ನೇ ಶತಮಾನ", ಅಷ್ಟೇ. ಅವನು ಫ್ಯಾನ್ ಕೆಳಗೆ ಹೋಗಿ ಕೂತುಬಿಟ್ಟ. ಕುಣಿತ, ಬಣ್ಣ ಇದ್ದರೆ ಮಕ್ಕಳು ಖುಷಿಯಿಂದ ಬರುತ್ತಾರೆ. ಮೊದಲು ಜಾಗದ ಪರಿಚಯ ಆಗಲಿ, ಇತಿಹಾಸ ಆಮೇಲೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ರಜೆಯಲ್ಲಿ ಮಗು ನಾಲ್ಕು ಗಂಟೆ ಸುರಕ್ಷಿತವಾಗಿ, ನಗುನಗುತ್ತಾ ಇದ್ದರೆ ಅದೂ ದೊಡ್ಡದೇ.

ಗುಂಬಜ್ ನೆರಳು
ನಾನು ಕಲಬುರಗಿಯವನು. ನೀವಿಬ್ಬರೂ ಬಿಸಿಲನ್ನೇ ಮರೆತಿದ್ದೀರಿ. ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಆದರೆ ನಮ್ಮ ಮ್ಯೂಸಿಯಂ ಇರುವುದು ಹಳೇ ಗುಂಬಜ್‌ಗಳಲ್ಲಿ. ಗೋಡೆ ಎಷ್ಟು ದಪ್ಪ ಅಂದರೆ ಒಳಗೆ ಕಾಲಿಟ್ಟ ಕೂಡಲೇ ಮೈ ತಣ್ಣಗಾಗುತ್ತದೆ. ಸನ್ನತಿಯ ಬೌದ್ಧ ಶಿಲ್ಪಗಳೂ ಅಲ್ಲಿವೆ. ಬೇಸಿಗೆಯಲ್ಲಿ ಮಕ್ಕಳನ್ನು ಕೂರಿಸಿ ಕಥೆ ಹೇಳೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಈ ಗೋಡೆ ಯಾಕೆ ಇಷ್ಟು ದಪ್ಪ ಅನ್ನೋದೇ ಒಂದು ಪಾಠ ಆಗುತ್ತದೆ.

ಆದರೆ ಹಳ್ಳಿ ಮಕ್ಕಳು? ನಮ್ಮೂರಿನಿಂದ ಮಕ್ಕಳನ್ನು ಪೇಟೆಗೆ ಕಳಿಸಬೇಕು ಅಂದರೆ ಬಸ್ ಚಾರ್ಜು, ಜೊತೆಗೆ ಒಬ್ಬರು ದೊಡ್ಡವರು, ಅವರ ಒಂದು ದಿನದ ಕೂಲಿ. ಟಿಕೆಟ್ ಫ್ರೀ ಮಾಡಿದ ಮಾತ್ರಕ್ಕೆ ಇದು ಸರಿಹೋಗಲ್ಲ. ಮಾದರಿಗಳನ್ನು, ಫೋಟೋಗಳನ್ನು ಹಳ್ಳಿ ಲೈಬ್ರರಿಗೆ ತನ್ನಿ.

ಕೊಪ್ಪದ ಕಬ್ಬು
ನಾನೂ ಮಂಡ್ಯ ಜಿಲ್ಲೆಯವನೇ. ಆತಕೂರು ಶಾಸನದ ಕೊನೆ ಭಾಗವನ್ನು ಮೇಷ್ಟ್ರು ಬಿಟ್ಟಿದ್ದಾರೆ. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಅಂತ ಬರೆದಿದೆ. ಅಂಥ ಕಲ್ಲನ್ನು ಊರಿಂದ ಎತ್ತಿಕೊಂಡು ಹೋದಿರಿ. ಈಗ ರಜೆಯಲ್ಲಿ ನಮ್ಮ ಮಕ್ಕಳು ಬೆಂಗಳೂರಿಗೆ ಹೋಗಿ ನೋಡಬೇಕಾ? ಕಲ್ಲು ಊರಿಗೆ ಬರಲಿ. ಜಾತ್ರೆ ಥರ ನಾವೇ ಮಾಡುತ್ತೇವೆ.

ಮದ್ದೂರು ಮೇಷ್ಟ್ರು
ಅಣ್ಣ, ನಿಮ್ಮ ಸಂಕಟ ನನ್ನದೂ ಹೌದು. ಆದರೆ ಹೊಲದ ಬದುವಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿರುವ ಶಾಸನಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೂಲ ಕಲ್ಲು ಒಳಗೇ ಭದ್ರವಾಗಿರಲಿ. ಬೆಂಗಳೂರಿನ ಸುತ್ತಮುತ್ತಲ ಶಾಸನಗಳನ್ನು ಅಲ್ಲಿನ ಇತಿಹಾಸ ಸಂಸ್ಥೆ ಮಿಥಿಕ್ ಸೊಸೈಟಿಯವರು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರಲ್ಲ, ಹಾಗೆ ಇದಕ್ಕೂ ಒಂದು ನಕಲು ಮಾಡಿಸಿ ಆತಕೂರಿನಲ್ಲೇ ನಿಲ್ಲಿಸೋಣ. ನಕಲಾದರೆ ಮಕ್ಕಳು ಮುಟ್ಟಬಹುದು. ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯಬಹುದು. ಮೂಲದ ಮೇಲೆ ಅದನ್ನು ಮಕ್ಕಳ ಕೈಲಿ ಮಾಡಿಸೋಕೆ ಆಗಲ್ಲ.

ಕೊಪ್ಪದ ಕಬ್ಬು
ನಕಲಿಗೆ ಪೂಜೆ ಮಾಡೋಕೆ ಮನಸ್ಸು ಒಪ್ಪಲ್ಲ ಮೇಷ್ಟ್ರೇ. ಮಕ್ಕಳಿಗೆ ಅಂತ ಮಾಡಿ, ಬೇಡ ಅನ್ನಲ್ಲ.

ಹೊಸಪೇಟೆ ಗೈಡ್
ಹಂಪಿಗೆ ಬರುವವರಿಗೆ ಒಂದು ಮಾತು. ಕಮಲಾಪುರದ ಮ್ಯೂಸಿಯಂ ಅಂಗಳದಲ್ಲಿ ಇಡೀ ಹಂಪಿಯ ಮಾದರಿ ಇದೆ. ಹೊಳೆ, ಗುಡ್ಡ, ಕೋಟೆ ಎಲ್ಲವೂ. ಸುತ್ತ ನಡೆದು ಮೇಲಿಂದ ನೋಡಬಹುದು. ಮಕ್ಕಳಿಗೆ ಸುಮ್ನೆ ಒಂದು ಪ್ರಶ್ನೆ ಕೊಡುತ್ತೇನೆ: "ನೀನು ಶತ್ರು ಅಂದ್ಕೋ, ಯಾವ ಕಡೆಯಿಂದ ನುಗ್ತೀಯಾ?" ಅಷ್ಟೇ, ಅರ್ಧ ಗಂಟೆ ಜಗಳ! ಉತ್ತರಕ್ಕೆ ತುಂಗಭದ್ರೆ ಯಾಕೆ ಬೇಕಿತ್ತು ಅಂತ ಅವರೇ ಹೇಳುತ್ತಾರೆ. ಜಯನಗರದ ಮೇಡಂ, ಬಣ್ಣವೂ ಬೇಕಾಗಲಿಲ್ಲ, ಕುಣಿತವೂ ಬೇಕಾಗಲಿಲ್ಲ.

ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ದೇವಸ್ಥಾನ ಮುಗಿಸಿ, ನೆತ್ತಿ ಸುಡೋ ಹೊತ್ತಿಗೆ ಮ್ಯೂಸಿಯಂ ಒಳಗಿರಿ. ಶುಕ್ರವಾರ ಮಾತ್ರ ಬರಬೇಡಿ, ಅವತ್ತು ರಜೆ. ಮಕ್ಕಳನ್ನು ಕರೆತಂದು ಬಾಗಿಲು ನೋಡಿ ವಾಪಸ್ ಹೋದ ಕುಟುಂಬಗಳು ಎಷ್ಟೋ.

ಜಯನಗರದ ಅಮ್ಮ
ಆ ಪ್ರಶ್ನೆ ಚೆನ್ನಾಗಿದೆ ಸರ್, ಒಪ್ಪಿದೆ. ಆದರೆ ನಿಮ್ಮಂಥವರು ಒಬ್ಬರು ಅಲ್ಲಿ ನಿಂತಿದ್ದರಿಂದ ಆ ಜಗಳ ನಡೆಯಿತು. ಎಲ್ಲ ಮ್ಯೂಸಿಯಂನಲ್ಲೂ ಅಂಥವರು ಇದ್ದಾರಾ? ಅದಕ್ಕೇ ನಾನು ಹೇಳಿದ್ದು. ಇನ್ನೊಂದು, ಬೇಸಿಗೆಯಲ್ಲಿ ವಾರಕ್ಕೆ ಎರಡು ದಿನವಾದರೂ ರಾತ್ರಿ ಎಂಟರವರೆಗೆ ತೆರೆದಿಡಲಿ. ಆಗ ನಾವೇ ಜೊತೆಗೆ ಬರುತ್ತೇವೆ.

ನಿವೃತ್ತ ಕಾವಲುಗಾರ
ಒಂದು ಸಣ್ಣ ಮ್ಯೂಸಿಯಂನಲ್ಲಿ ತುಂಬಾ ವರ್ಷ ಕೆಲಸ ಮಾಡಿದವನು ನಾನು. ಟಿಕೆಟ್ ಹರಿಯೋದು, ಬಾಗಿಲು ಹಾಕೋದು, ಕಸ ಗುಡಿಸೋದು ಎಲ್ಲಾ ಮೂವರೇ. ಎಂಟರವರೆಗೆ ಅನ್ನೋದು ಸುಲಭ ತಾಯಿ. ಜನ ಕೊಡಿ, ಖಂಡಿತ ತೆರೆಯುತ್ತಾರೆ. ಮಕ್ಕಳು ಬಂದರೆ ನಮಗೂ ಸಂತೋಷವೇ. ಖಾಲಿ ಹಾಲ್‌ನಲ್ಲಿ ಇಡೀ ದಿನ ಕೂರೋ ಕಷ್ಟ ನಮಗೇ ಗೊತ್ತು.

ಓಲೆಗರಿ
ಸಾಗರದಿಂದ ಬರೆಯುತ್ತಿದ್ದೇನೆ. ನಮ್ಮ ಕೆಳದಿಯ ಮ್ಯೂಸಿಯಂನಲ್ಲಿ ತಾಳೆಗರಿ ಕಟ್ಟುಗಳಿವೆ. ಅವನ್ನು ಮಕ್ಕಳ ಕೈಗೆ ಕೊಡೋಕೆ ಆಗಲ್ಲ. ಬೆವರು ಕೈ, ಒಣಗಿದ ಗರಿ, ಮುರಿದರೆ ಮುಗಿಯಿತು. ಅದಕ್ಕೆ ಹೋದ ಬೇಸಿಗೆ ನಮ್ಮ ಮನೆ ಜಗಲಿಯಲ್ಲಿ ಅಕ್ಕಪಕ್ಕದ ಏಳು ಮಕ್ಕಳನ್ನು ಕೂರಿಸಿ ಖಾಲಿ ಗರಿ ಕೊಟ್ಟೆ. ಕಬ್ಬಿಣದ ಕಂಟದಿಂದ ಹೆಸರು ಕೊರೆದರು. ಏನೂ ಕಾಣಲಿಲ್ಲ. "ಅತ್ತೆ, ನಂದು ಬರ್ಲೇ ಇಲ್ಲ" ಅಂತ ಒಬ್ಬಳು ಅಳೋಕೇ ಶುರು ಮಾಡಿದಳು. ಎಣ್ಣೆಯಲ್ಲಿ ಕಲಸಿದ ಮಸಿಯನ್ನು ಬಟ್ಟೆಯಿಂದ ಸವರಿ, ಒರೆಸಿದೆ. ಗೀರಿನಲ್ಲಿ ಮಸಿ ನಿಂತು ಅವಳ ಹೆಸರು ಕಪ್ಪಗೆ ಎದ್ದು ಬಂತು. ಆ ಮುಖ ನೀವು ನೋಡಬೇಕಿತ್ತು. ಮಾರನೇ ದಿನ ಏಳೂ ಜನರನ್ನು ಕೆಳದಿಗೆ ಕರೆದುಕೊಂಡು ಹೋದೆ. ಗಾಜಿಗೆ ಮೂಗು ಒತ್ತಿಕೊಂಡು ನಿಂತರು. "ಇವರು ಇಷ್ಟು ಸಣ್ಣಕ್ಷರ ಹೆಂಗೆ ಬರೆದ್ರು ಅತ್ತೆ?" ಅಂತ ಒಬ್ಬ ಕೇಳಿದ.

ಮದ್ದೂರು ಮೇಷ್ಟ್ರು
ಅಕ್ಕಾ, ನಾನು ಬಾಯಿಮಾತಲ್ಲಿ ಹೇಳಿದ್ದನ್ನು ನೀವು ಮಾಡಿಯೇ ತೋರಿಸಿದ್ದೀರಿ. ಈ ಮೇ 18ಕ್ಕೆ ನಮ್ಮ ಶಾಲೆಯಲ್ಲೂ ಮಾಡಬೇಕು. ಗರಿ ಹೇಗೆ ಸಿದ್ಧ ಮಾಡಿಕೊಂಡಿರಿ?

ಓಲೆಗರಿ
ಎಳೆಗರಿ ಕತ್ತರಿಸಿ, ನೀರಲ್ಲಿ ಬೇಯಿಸಿ, ನೆರಳಲ್ಲಿ ಒಣಗಿಸಿ, ಉಜ್ಜಿ ನುಣುಪು ಮಾಡಿ. ಹಸಿ ಉಳಿದರೆ ಬೂಸ್ಟು ಹಿಡಿಯುತ್ತದೆ, ಮುಂಚೆಯೇ ಶುರು ಮಾಡಿ. ಒಬ್ಬೊಬ್ಬರಿಗೆ ಎರಡೆರಡು ಗರಿ ಇರಲಿ, ಮೊದಲನೆಯದು ಹರಿದೇ ಹರಿಯುತ್ತದೆ. ಕಂಟದ ತುದಿ ಚೂಪು. ಸಣ್ಣ ಮಕ್ಕಳ ಪಕ್ಕ ದೊಡ್ಡವರು ಒಬ್ಬರು ಕೂತಿರಲಿ ಮೇಷ್ಟ್ರೇ.